ಅಳಿಲು ತೆಗೆದ ಸ್ಯಾಂಪಲ್

ಬಿ.ಎಸ್ಸಿ. ಸಂಖ್ಯಾಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ ಅಳಿಲು ಮೂರನೆಯ ಸಲ ಬಂದು ಕೂತಿತು. ಈ ಸಲವೂ ಹೋದರೆ ಡಿಗ್ರಿಯ ಆಸೆ ಬಿಟ್ಟಂತೆಯೇ. ಪರೀಕ್ಷಕ ಕರಡಿ ಒಂದು ಬುಟ್ಟಿ ಕಡಲೆಬೀಜ ಮುಂದಿಟ್ಟಿತು. ಪರೀಕ್ಷೆ ಮುಗಿದ ಮೇಲೆ ಉಳಿದ ಬೀಜ ಪರೀಕ್ಷಕರ ಮನೆಗೆ ಹೋಗುವುದು ಆ ಕಾಲೇಜಿನ ಪದ್ಧತಿ.

“ಸ್ಯಾಂಪಲ್ ತಿಂದು ನೋಡಿ, ಇದರಲ್ಲಿ ಕಹಿ ಬೀಜ ಎಷ್ಟು ಅಂತ ಅಂದಾಜು ಹೇಳು.”

“ಎಷ್ಟು ತಿನ್ನಲಿ ಸರ್?”

“ನಿನಗೆ ಸಾಕು ಅನ್ನಿಸುವಷ್ಟು,” ಎಂದು ಕರಡಿ ಟೀ ಕುಡಿಯಲು ಹೋಯಿತು.

ಅಳಿಲು ಹತ್ತು ಬೀಜ ತಿಂದಿತು. ಒಂದು ಕಹಿ. ಸ್ಯಾಂಪಲ್ ದೊಡ್ಡದಾದಷ್ಟೂ ತಪ್ಪು ಕಡಿಮೆ ಎಂದು ಮೇಷ್ಟ್ರು ಹೇಳಿದ್ದು ನೆನಪಾಯಿತು. ಮತ್ತೆ ಹತ್ತು ತಿಂದಿತು, ಆಮೇಲೆ ಐವತ್ತು.

ಕರಡಿ ಬಂದಾಗ ಬುಟ್ಟಿ ಖಾಲಿ.

“ಇನ್ನೂರರಲ್ಲಿ ಹದಿನೇಳು ಕಹಿ ಸರ್. ತಪ್ಪಾಗುವ ಸಂಭವ ಸೊನ್ನೆ,” ಎಂದು ಅಳಿಲು ತೇಗಿತು.

“ಅಯ್ಯೋ ಪುಣ್ಯಾತ್ಮ, ನಾನು ಕೇಳಿದ್ದು ಅಂದಾಜು ಕಣೋ!”

“ಅಂದಾಜು ಹೇಳಿಯೇ ಎರಡು ಸಲ ಕೆಟ್ಟೆ ಸರ್. ಅನುಮಾನವಿದ್ದರೆ ನೀವೇ ತಿಂದು ನೋಡಿ.”

ತಿಂದು ನೋಡಲು ಒಂದು ಬೀಜವೂ ಉಳಿದಿರಲಿಲ್ಲ. ಕರಡಿ ಪೂರ್ತಿ ಅಂಕ ಹಾಕಿ ಸಹಿ ಮಾಡಿತು.

ಮರುವರ್ಷದಿಂದ ಆ ಪರೀಕ್ಷೆಗೆ ಬೆಣಚುಕಲ್ಲು ಕೊಡುತ್ತಾರೆ. ಉಳಿದದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ.