ಗಿಣಿ ಕೆತ್ತಿದ ಕುರ್ಚಿ

“ಗುರುಗಳೇ, ಹಳೆಯ ಕಾಲದ ಸಾಮಾನು ನಮ್ಮ ಮನೆಗೆ ಒಪ್ಪುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಅವನ ಊರಿನ ಗೌಡರ ವಾಡೆಯನ್ನು ಕೆಡವುತ್ತಿದ್ದರು. ಮಂಚ, ಕಪಾಟು, ಬಾಗಿಲು ಎಲ್ಲವನ್ನೂ ಅಂಗಳದಲ್ಲಿಟ್ಟು ಮಾರುತ್ತಿದ್ದರು. ಗೌಡರು ಕೂರುತ್ತಿದ್ದ ಎತ್ತರದ ಪೀಠವೂ ಅದರಲ್ಲಿತ್ತು. ಅದನ್ನು ಮಠಕ್ಕೆ ತಂದು ಗುರುಗಳನ್ನು ಕೂರಿಸಬೇಕೆಂದು ಶಿಷ್ಯನ ಆಸೆ. ಗುರುಗಳು ಮೊದಲಿನಿಂದಲೂ ಚಾಪೆಯ ಮೇಲೆ ಕೂರುವವರು. ಬಂದವರನ್ನೂ ಅದೇ ಚಾಪೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಶಿಷ್ಯನ ತಂದೆ ಹೊಲದ ಕಾಯಿಪಲ್ಲೆ ಹೊತ್ತು ಬಂದಾಗಲೂ ಅಲ್ಲೇ ಕೂತು, ಎಲೆ ಅಡಿಕೆ ಹಾಕಿಕೊಂಡು, ನಾಲ್ಕು ಮಾತಾಡಿ ಹೋಗುತ್ತಿದ್ದ. ಗುರುವಿನ ಸ್ಥಾನಕ್ಕೆ ಇಷ್ಟೂ ಎತ್ತರ ಬೇಡವೇ ಎಂದು ಶಿಷ್ಯ ಒಳಗೊಳಗೇ ಕೊರಗುತ್ತಿದ್ದ.

“ಅಳತೆ ನೋಡಿದೆಯಾ?” ಎಂದರು ಗುರುಗಳು.

“ನೋಡಿದೆ. ನಮ್ಮ ಪಡಸಾಲೆಗೆ ಹೇಳಿ ಮಾಡಿಸಿದ ಹಾಗಿದೆ.”

“ಹಾಗಾದರೆ ಒಬ್ಬ ವ್ಯಾಪಾರಿಯ ಕತೆ ಕೇಳು. ಅವನೂ ಅಳತೆಯಲ್ಲಿ ನಿನ್ನಷ್ಟೇ ಜಾಣ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಹಳ್ಳಿಯಿಂದ ಪೇಟೆಗೆ ಬಂದವನು. ತಲೆಯ ಮೇಲೆ ಗಂಟು ಹೊತ್ತು ಓಣಿ ಓಣಿ ತಿರುಗಿ, ಕೊನೆಗೆ ಅಂಗಡಿ ಇಟ್ಟ, ಮನೆ ಕಟ್ಟಿಸಿದ. ಅವನಿಗೆ ಒಬ್ಬ ಅಣ್ಣ. ಅಣ್ಣ ಹಳ್ಳಿಯಲ್ಲೇ ಉಳಿದು ಒಕ್ಕಲುತನ ಮಾಡಿಕೊಂಡಿದ್ದ. ತಂದೆತಾಯಿ ಬೇಗ ತೀರಿಹೋಗಿದ್ದರಿಂದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ.

ಅಮಾವಾಸ್ಯೆಯ ದಿನ ಎತ್ತುಗಳಿಗೆ ನೊಗ ಕಟ್ಟುವುದಿಲ್ಲ. ಆ ದಿನ ಅಣ್ಣ ಬುತ್ತಿ ಕಟ್ಟಿಕೊಂಡು ತಮ್ಮನ ಮನೆಗೆ ಬರುತ್ತಿದ್ದ. ಇಬ್ಬರೂ ಜಮಖಾನದ ಮೇಲೆ ಕೂತು ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ವ್ಯಾಪಾರಿಗೆ ಯುಗಾದಿ, ದೀಪಾವಳಿಗಿಂತ ಆ ಊಟವೇ ದೊಡ್ಡದು.

ಹೊಸ ಮನೆಯ ಪಡಸಾಲೆ ಅವನಿಗೆ ಬೋಳಾಗಿ ಕಂಡಿತು. ಹಳೆಯ ಸಾಮಾನು ಮಾರುವವರಲ್ಲಿಗೆ ಹೋದ. ಒಂದು ಕಪಾಟು ಚೆನ್ನಾಗಿತ್ತು. ಕಿಟಕಿಯ ಬೆಳಕಿಗೆ ಅಡ್ಡ ಬರುತ್ತದೆ ಎಂದು ಬಿಟ್ಟ. ಒಂದು ತೂಗುಮಂಚ ಇನ್ನೂ ಚೆನ್ನಾಗಿತ್ತು. ತನ್ನ ಮನೆಯ ತೊಲೆ ಅದರ ಭಾರ ತಡೆಯದು ಎಂದು ಅದನ್ನೂ ಬಿಟ್ಟ. ಕೊನೆಗೆ ಬೀಟೆಮರದ ಒಂದು ದೊಡ್ಡ ಕುರ್ಚಿ ಅವನ ಕಣ್ಣಿಗೆ ಬಿತ್ತು. ಬೆನ್ನಿನ ಹಲಗೆಯ ಮೇಲ್ತುದಿಯಲ್ಲಿ ಎರಡು ಗಿಣಿಗಳನ್ನು ಎದುರುಬದುರಾಗಿ ಕೆತ್ತಿದ್ದರು. ಒಂದರ ಕೊಕ್ಕು ಮುರಿದಿತ್ತು. ವ್ಯಾಪಾರಿ ಕುರ್ಚಿಯನ್ನು ಬೋರಲು ಹಾಕಿ ಕೀಲು ನೋಡಿದ. ಹುಳು ಬಿದ್ದಿದೆಯೋ ಎಂದು ಬಡಿದು ನೋಡಿದ. ಮನೆಯ ಬಾಗಿಲನ್ನು ದಾರದಲ್ಲಿ ಅಳೆದುಕೊಂಡೇ ಹೋಗಿದ್ದ, ಅದೂ ಸರಿಹೋಯಿತು. ಇದು ಯಾರ ಮನೆಯದು ಎಂದು ಕೇಳಿದ. ನಿಮ್ಮ ಹಳ್ಳಿಯ ಇನಾಮದಾರರದೇ ಎಂದರು. ಅವನು ಮತ್ತಷ್ಟು ಹಿಗ್ಗಿದ. ಬಡಗಿಯನ್ನು ಕರೆಸಿ ಮುರಿದ ಕೊಕ್ಕನ್ನು ಕೂಡಿಸಿ, ಪಾಲಿಶ್ ಮಾಡಿಸಿ, ಮನೆಗೆ ತಂದ. ಅವನ ಆಯ್ಕೆಯಲ್ಲಿ ಹುಳುಕು ತೆಗೆಯುವ ಹಾಗಿರಲಿಲ್ಲ.

ಮನೆಗೆ ಬಂದ ಆಸನದಲ್ಲಿ ಮೊದಲು ಮನೆಯ ಹಿರಿಯ ಕೂರಬೇಕೆಂಬುದು ಆ ಕಡೆಯ ಪದ್ಧತಿ. ವ್ಯಾಪಾರಿ ಕುರ್ಚಿಯ ಮೇಲೆ ಬಿಳಿ ಪಂಚೆ ಹೊದಿಸಿ, ಅಣ್ಣ ಬರುವ ತನಕ ಯಾರೂ ಕೂರಬಾರದು ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ.

ಅಮಾವಾಸ್ಯೆ ಬಂತು. ಅಣ್ಣ ಬಂದ. ವ್ಯಾಪಾರಿ ಪಂಚೆ ಸರಿಸಿದ. ಅಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಒಳಗೆ ಬಂದು ಗಿಣಿಯ ಮೇಲೆ ಬೆರಳಾಡಿಸಿದ.

“ಈ ಗಿಣೀದು ಚುಂಚು ಮುರದಿತ್ತಲ್ಲೋ ತಮ್ಮಾ?”

“ಹೌದಣ್ಣಾ, ನಾನ ಹಚ್ಚಿಸೇನಿ. ಗೊತ್ತ ಆಗೂದಿಲ್ಲ ನೋಡು. ಕುಂದರು, ಮೊದಲ ನೀನ ಕುಂದರಬೇಕು.”

ಮುರಿದದ್ದು ಅಣ್ಣನಿಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ಬಡಗಿಯ ಕೈಗುಣವನ್ನು ಹೊಗಳುತ್ತಾ ಹೋದ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ನನಗೂ ಹೇಳುವ ಸಂಕಟ ತಪ್ಪುತ್ತಿತ್ತು.

ಅಣ್ಣ ಕೂರಲಿಲ್ಲ. ಮಂಡಿ ನೋವು ಎಂದ. ಹೊಸ್ತಿಲ ಬಳಿ ಕೂತು ಎರಡು ತುತ್ತು ಉಂಡು ಎದ್ದ. ಮುಂದಿನ ಅಮಾವಾಸ್ಯೆಗೆ ಹಿತ್ತಲ ಬಾಗಿಲಿನಿಂದ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ವ್ಯಾಪಾರಿ ಬೇಡಿಕೊಂಡ, ಕೈಹಿಡಿದು ಎಳೆದ. ಅಣ್ಣ ಅಲ್ಲಾಡಲಿಲ್ಲ. ನೆರೆಯವರು ನಕ್ಕರು. ತಮ್ಮ ಮುಂದೆ ಬಂದರೆ ಅಣ್ಣನಿಗೆ ಹೊಟ್ಟೆಯುರಿ, ಲೋಕದಲ್ಲಿ ಇದೇನು ಹೊಸದೇ ಎಂದರು. ಕಿವಿ ಕಚ್ಚುವವರಿಗೆ ಪೇಟೆಯಲ್ಲಿ ಬರವೇ? ವ್ಯಾಪಾರಿ ಅದನ್ನೇ ನಂಬಿದ. ಮತ್ತೊಮ್ಮೆ ಅಣ್ಣ ಹಿತ್ತಲಿಗೆ ಬಂದಾಗ ಆಡಬಾರದ್ದನ್ನು ಆಡಿದ.

“ನನ್ನ ಏಳಿಗಿ ನಿನ್ನ ಕಣ್ಣಾಗ ಚುಚ್ಚತೈತಿ. ಅದಕ್ಕ ನೀ ಕುಂದರವಲ್ಲಿ.”

ಅಣ್ಣ ತಂದಿದ್ದ ಬುತ್ತಿಯನ್ನು ಕಲ್ಲಿನ ಮೇಲಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆಮೇಲೆ ಅವನು ಬರಲಿಲ್ಲ. ತಪ್ಪು ಅವನದು, ಅವನೇ ಬರಲಿ ಎಂದು ಇವನೂ ಹೋಗಲಿಲ್ಲ. ಅಮಾವಾಸ್ಯೆಗಳು ಬಂದು ಹೋದವು. ಕುರ್ಚಿಯ ಮೇಲೆ ಮತ್ತೆ ಹೊದಿಸಿದ ಪಂಚೆ ಹಾಗೇ ಇತ್ತು. ಹಿರಿಯ ಕೂರದ ಕುರ್ಚಿಯಲ್ಲಿ ಕೂರಲು ವ್ಯಾಪಾರಿಗೂ ಮನಸ್ಸು ಬರಲಿಲ್ಲ.

ಜೋಳದ ರಾಶಿಯ ಕಾಲದಲ್ಲಿ ಅಣ್ಣ ಸತ್ತ ಸುದ್ದಿ ಬಂತು. ವ್ಯಾಪಾರಿ ಹಳ್ಳಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮುಖ ಕೂಡ ನೋಡಲು ಸಿಗಲಿಲ್ಲ. ಅವನು ಅತ್ತಿಗೆಯ ಎದುರು ಕೂತು ಅತ್ತ. ಅಣ್ಣನಿಗೆ ನನ್ನ ಮೇಲೆ ಅಂಥ ಹೊಟ್ಟೆಕಿಚ್ಚು ಏಕೆ ಬಂತು ಎಂದು ಕೇಳಿದ. ಆಗ ಅತ್ತಿಗೆ, ಗಂಡ ಸಾಯುವ ಮುಂದೆ ತನಗೆ ಹೇಳಿದ್ದನ್ನು ಹೇಳಿದಳು.

ಇವರ ತಂದೆ ಇನಾಮದಾರನ ಎತ್ತುಗಳನ್ನು ಮೇಯಿಸುತ್ತಿದ್ದ. ಒಮ್ಮೆ ಒಂದು ಎತ್ತು ಕಾಲು ಮುರಿದುಕೊಂಡಿತು. ತಂದೆಗೆ ವಾಡೆಯಿಂದ ಕರೆ ಬಂತು. ಅವನು ದೊಡ್ಡ ಮಗನ ಕೈಹಿಡಿದುಕೊಂಡು ಹೋದ. ಚಿಕ್ಕವನು ಆಗಿನ್ನೂ ತೊಟ್ಟಿಲಲ್ಲಿದ್ದ. ಇನಾಮದಾರ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ನಿಲ್ಲು ಎಂದ, ಅಷ್ಟೇ. ಕುರ್ಚಿಯಲ್ಲಿ ಕೂತೇ ಎಲೆ ಅಡಿಕೆ ಹಾಕಿಕೊಂಡ, ಕೂತೇ ನಿದ್ದೆ ಮಾಡಿದ, ಎದ್ದು ಒಳಗೆ ಹೋದ. ಎದುರಿಗೆ ನಿಂತವರನ್ನು ಮರೆತೇಬಿಟ್ಟ. ಹೋಗು ಎನ್ನದೆ ಆ ವಾಡೆಯಿಂದ ಯಾರೂ ಹೋಗುವ ಹಾಗಿರಲಿಲ್ಲ. ದೀಪ ಹಚ್ಚುವ ತನಕ ತಂದೆ ಮಗ ಖಾಲಿ ಕುರ್ಚಿಯ ಮುಂದೆ ಕೈಕಟ್ಟಿ ನಿಂತಿದ್ದರು. ಅಪ್ಪನ ಮುಖ ನೋಡಲಾರದೆ ಆ ಹುಡುಗ ದಿನವೆಲ್ಲ ಕೊಕ್ಕು ಮುರಿದ ಗಿಣಿಯನ್ನೇ ನೋಡಿದ್ದ. ಮನೆಗೆ ಬರುವ ದಾರಿಯಲ್ಲಿ ತಂದೆ, ಇದನ್ನು ತಮ್ಮನಿಗೆ ಎಂದೂ ಹೇಳಬೇಡ, ಅವನಾದರೂ ತಲೆ ಎತ್ತಿ ಬದುಕಲಿ ಎಂದು ಮಾತು ತೆಗೆದುಕೊಂಡಿದ್ದ. ಅಣ್ಣ ಆ ಮಾತನ್ನು ಉಳಿಸಿಕೊಂಡ. ತಮ್ಮನ ಬೈಗುಳ ತಿಂದೂ ಉಳಿಸಿಕೊಂಡ.

ಅತ್ತಿಗೆ ಕೊನೆಗೆ ಗಂಡನ ಮಾತನ್ನು ಅವನು ಆಡಿದ ಹಾಗೆಯೇ ಆಡಿ ತೋರಿಸಿದಳು: “ನನ್ನ ತಮ್ಮನ ಮನ್ಯಾಗ ನಮ್ಮಪ್ಪ ಇನ್ನೂ ನಿಂತಾನ. ನಾ ಹ್ಯಾಂಗ ಕುಂದರಲಿ?”

ವ್ಯಾಪಾರಿ ಪೇಟೆಯ ಮನೆಗೆ ಮರಳಿದ. ಪಂಚೆ ತೆಗೆದು ಕುರ್ಚಿಯ ಮುಂದೆ ನಿಂತ. ಹೆಂಡತಿ ಊಟಕ್ಕೆ ಕರೆದಳು. ಅವನು ಕದಲಲಿಲ್ಲ. ಅವಳು ದೀಪ ಹಚ್ಚಿದಳು. ಆಗಲೂ ಅವನು ನಿಂತೇ ಇದ್ದ. ಹೋಗು ಎನ್ನಬೇಕಾದವನು ಸತ್ತು ಎಷ್ಟೋ ಕಾಲವಾಗಿತ್ತು. ಬಾ, ಕೂರು ಎನ್ನಬೇಕಾದವನು ಈಗ ಸತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಪಾಪ, ಅವನಿಗೆ ಬಂದದ್ದು ಬರೀ ಅಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, ಆಮೇಲೆ ಆ ಕುರ್ಚಿಯನ್ನು ಅವನು ಏನು ಮಾಡಿದ ಎಂದು ಕೇಳಿದ.

“ಅದಿರಲಿ, ಗೌಡರ ಆ ಪೀಠದ ಮುಂದೆ ನಿನ್ನ ಅಪ್ಪ ಎಲ್ಲಿ ನಿಲ್ಲುತ್ತಿದ್ದ ಎಂದು ಕೇಳಿಕೊಂಡು ಬಾ, ಆಮೇಲೆ ಅಳತೆಯ ಮಾತಾಡೋಣ” ಎಂದರು ಗುರುಗಳು.

ಶಿಷ್ಯ ತಾನು ಕೂತಿದ್ದ ಚಾಪೆಯನ್ನೇ ನೋಡುತ್ತಾ ಕೂತ.