ಹಿಟ್ಟಿನ ಹಡಗಿನ ಮುಂದೆ

“ಗುರುಗಳೇ, ಹೊಸಬರಿಗೆ ಪಾಠ ಹೇಳುವ ಕೆಲಸ ನನಗೆ ಒಪ್ಪಿಸಿದ್ದೀರಿ. ನಾನು ಮುಂದಿನ ಪದ್ಯಕ್ಕೆ ಹೋದರೂ ಅವರು ಹಿಂದಿನದರಲ್ಲೇ ತಡವರಿಸುತ್ತಿರುತ್ತಾರೆ. ಅವರಿಗಾಗಿ ನಾನು ನಿಲ್ಲಬೇಕೆ?” ಎಂದು ಶಿಷ್ಯ ನಾಗಭೂಷಣ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಉತ್ತರ ಧ್ರುವದ ಸಮೀಪ ಕಡಲ ದಡದಲ್ಲಿ ಒಂದು ಊರಿತ್ತು. ಒಂದು ವರ್ಷ ಅಲ್ಲಿ ಕಡಲು ಬೇಗ ಹೆಪ್ಪುಗಟ್ಟಿತು. ಊರಿನಲ್ಲಿ ಹಿಟ್ಟು ಮುಗಿಯುತ್ತ ಬಂತು. ಹಿಟ್ಟು ತುಂಬಿದ ಹಡಗೊಂದು ಆ ಊರಿಗೆ ಹೊರಟಿತು. ಅದಕ್ಕೆ ದಾರಿ ಮಾಡಲು ಹಿಮ ಒಡೆಯುವ ಹಡಗೊಂದು ಮುಂದೆ ನಡೆಯಿತು. ಅದರ ಮೂತಿ ಮಂಜುಗಡ್ಡೆಯ ಮೇಲೇರುತ್ತಿತ್ತು. ಭಾರಕ್ಕೆ ಗಡ್ಡೆ ಬಿರಿದು ನೀರು ಬಾಯ್ದೆರೆಯುತ್ತಿತ್ತು.

ಆ ಹಡಗಿನ ಕಪ್ತಾನ ಗಟ್ಟಿಗ. ಗಡ್ಡೆ ಜಗ್ಗದಿದ್ದರೆ ಹಿಂದಕ್ಕೆ ಸರಿದು ಮತ್ತೆ ನುಗ್ಗುತ್ತಿದ್ದ. ಒಡೆದಷ್ಟೂ ಅವನಿಗೆ ಹುರುಪು. ಹಾಡುತ್ತ ಒಡೆದ, ಒಡೆಯುತ್ತ ಹಾಡಿದ. ಊರು ಕಂಡೊಡನೆ ಜೋರಾಗಿ ಸೈರನ್ ಹಾಕಿಸಿದ.

ಊರಿಗೆ ಊರೇ ದಡಕ್ಕೆ ಓಡಿಬಂತು. ಒಬ್ಬ ಮುದುಕಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

“ಹಿಟ್ಟು ಎಲ್ಲಪ್ಪಾ?”

“ಹಿಂದೆ ಬರುತ್ತಿದೆ, ಅಜ್ಜಿ.”

“ಎಲ್ಲಿ ಹಿಂದೆ?”

ಕಪ್ತಾನ ತಿರುಗಿ ನೋಡಿದ. ಹಡಗಿರಲಿಲ್ಲ. ಅವನು ಒಡೆದ ದಾರಿಯೂ ಇರಲಿಲ್ಲ. ಚೂರುಗಳು ಮತ್ತೆ ಕೂಡಿಕೊಂಡು ಕಡಲು ಮೊದಲಿನಂತೆ ಬೆಳ್ಳಗೆ ಬಿಗಿದುಕೊಂಡಿತ್ತು.

“ಅಂದರೆ ಊಟಕ್ಕೆ ನೀನೊಬ್ಬನೇ ಬಂದೆ ಅನ್ನು!” ಎಂದಳು ಮುದುಕಿ.

ಜನ ಹಸಿವಿನಲ್ಲೂ ಬಿದ್ದು ಬಿದ್ದು ನಕ್ಕರು. ಕಪ್ತಾನನ ಮುಖ ಕೆಂಪೇರಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಹಡಗು ತಿರುಗಿಸಿದ.

ಹಿಟ್ಟಿನ ಹಡಗು ನಡುದಾರಿಯಲ್ಲಿ ಸಿಕ್ಕಿಬಿದ್ದಿತ್ತು. ಗಡ್ಡೆಗಳು ಎರಡೂ ಕಡೆಯಿಂದ ಒತ್ತಿ ಅದರ ಒಡಲು ಕಿರುಗುಟ್ಟುತ್ತಿತ್ತು. ಇನ್ನಷ್ಟು ತಡವಾಗಿದ್ದರೆ ಹಡಗೂ ಇಲ್ಲ, ಹಿಟ್ಟೂ ಇಲ್ಲ. ಕಪ್ತಾನ ಅದರ ಸುತ್ತ ಬಳಸಿ ಬಂದು ಹಿಮ ಒಡೆದು ಬಿಡಿಸಿದ. ಬಳಿಕ ಚುಕ್ಕಾಣಿಯನ್ನು ಜೊತೆಗಾರನಿಗೆ ಕೊಟ್ಟು, ತಾನು ಹಡಗಿನ ಹಿಂಬದಿಯಲ್ಲಿ ನಿಂತ. ಈ ಸಲವೂ ಹಾಡಿದ. ಹಿಂದಕ್ಕೆ ಮುಖಮಾಡಿ ಹಾಡಿದ.

ಎರಡೂ ಹಡಗುಗಳು ದಡ ಮುಟ್ಟಿದವು. ಮನೆಮನೆಯಲ್ಲಿ ಒಲೆ ಉರಿಯಿತು. ಬಿಸಿ ರೊಟ್ಟಿಯ ಮೊದಲ ತುಂಡನ್ನು ಮುದುಕಿ ಕಪ್ತಾನನ ಕೈಗೇ ಇಟ್ಟಳು.

ನಾಗಭೂಷಣನಿಗೆ ಕತೆ ಬಹಳ ಹಿಡಿಸಿತು. “ಅಷ್ಟು ಬಲದ ಹಡಗು! ಎರಡನೆಯ ಸಲ ಎಷ್ಟು ವೇಗವಾಗಿ ಬಂತು, ಗುರುಗಳೇ?”

“ಹಿಟ್ಟಿನ ಹಡಗು ಬಂದಷ್ಟೇ ವೇಗವಾಗಿ” ಎಂದರು ಗುರುಗಳು.

ನಾಗಭೂಷಣ ಎದ್ದು ಹೊಸಬರ ಬಳಿಗೆ ಹೋಗಿ ಹಿಂದಿನ ಪದ್ಯವನ್ನೇ ಮತ್ತೆ ಹೇಳಿಕೊಡತೊಡಗಿದ.