ತೊಳೆದ ಜೊಂಡಿನ ಕಟ್ಟು

"ಗುರುಗಳೇ, ತಮ್ಮ ಚರಿತ್ರೆ ಬರೆಯುತ್ತಿದ್ದೇನೆ. ಮಠಕ್ಕೆ ಬರುವ ಮುಂಚಿನ ದಿನಗಳಲ್ಲಿ ಒಂದಿಷ್ಟು ಕೊಳೆ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಅದನ್ನು ತೊಳೆದು ಬರೆದರೆ ತಪ್ಪೇನು?"

ಶಿಷ್ಯ ಹೀಗೆ ಕೇಳಿದನು. ಗುರುವಿಗೆ ವಯಸ್ಸಾಗಿತ್ತು. ಕತೆ ಹೇಳಿ ಹೇಳಿ ಬಾಯಿ ಸೋತಿತ್ತು. "ಇನ್ನೊಂದು ಉಳಿದಿದೆ, ಕೂತುಕೋ" ಎಂದನು.

ಒಂದು ಊರು. ಊರ ಪಕ್ಕ ಒಂದು ಜೌಗು. ಜೌಗಿನ ತುಂಬ ಆಳೆತ್ತರ ಜೊಂಡು. ಅದನ್ನು ಕೊಯ್ದು ಚಾಪೆ ಹೆಣೆಯುವ ಒಂದು ಮನೆ. ಆ ಮನೆಯ ಹೆಂಗಸು ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಹೋದವಳು ತಿರುಗಿ ಬರಲಿಲ್ಲ. ಅದೇ ಬೆಳಿಗ್ಗೆ ಒಬ್ಬ ಬಳೆಗಾರ ತನ್ನ ಬಳೆಗಳ ಮಲಾರ ಹೆಗಲಿಗೇರಿಸಿ ಆ ಊರು ಬಿಟ್ಟಿದ್ದನು. ಊರಿಗೆ ಇಷ್ಟು ಸಾಲದೇ?

"ಮೊನ್ನೆಯೇ ನೋಡಿದ್ದೆ ಕಣೇ. ಕೈ ಕೊಟ್ಟು ಕೂತವಳು ಬಿಡಿಸಿಕೊಳ್ಳಲೇ ಇಲ್ಲ" ಎಂದಳು ಒಬ್ಬಳು. "ನಕ್ಕಳು ಬೇರೆ" ಎಂದಳು ಇನ್ನೊಬ್ಬಳು. ನಕ್ಕದ್ದು ನಿಜ. ತೊಡಿಸುವಾಗ ಮೂರು ಬಳೆ ಒಡೆದವು, ಬಳೆಗಾರನ ಪೆಚ್ಚುಮುಖ ನೋಡಿ ನಕ್ಕಳು. ಅಷ್ಟೇ. ಒಂದು ನಗುವಿಗೆ ಕೈಕಾಲು ಮೂಡಿಸಿ ಗಡಿ ದಾಟಿಸುವುದು ಊರ ಬಾಯಿಗೆ ಎಷ್ಟರ ಕೆಲಸ? ಸಂಜೆಯೊಳಗೆ ಅವಳು ಓಡಿಹೋಗಿದ್ದಳು. ಮರುದಿನ ಬಸುರಿಯೂ ಆಗಿದ್ದಳು.

ಗಂಡ ಎರಡು ವರ್ಷ ತಲೆ ತಗ್ಗಿಸಿ ತಿರುಗಿದನು, ಆಮೇಲೆ ಸತ್ತನು. ಮಗಳೊಬ್ಬಳು ಉಳಿದಳು. ಪಿತೃಪಕ್ಷದಲ್ಲಿ ಮನೆಮನೆಯಲ್ಲೂ ಸತ್ತವರಿಗೆ ಎಲೆ ಹಾಕಿ ಎಡೆ ಇಡುತ್ತಾರೆ. ಮಗಳು ಅಪ್ಪನಿಗೊಂದು ಎಲೆ ಹಾಕಿದಳು. ಅವ್ವನಿಗೆ ಇನ್ನೊಂದು ಹಾಕಹೋದರೆ ಹಿರಿಯರು ತಡೆದರು. ಓಡಿಹೋದವಳಿಗೆ ಎಡೆ ಇಲ್ಲ, ಸತ್ತಳು ಎಂಬುದಕ್ಕೆ ಗುರುತು ತಾ ಎಂದರು. ಎಲ್ಲಿಂದ ತರಬೇಕು? ಹದಿನೆಂಟು ವರ್ಷ ಒಂದೇ ಎಲೆ.

ಆಮೇಲೆ ಊರ ಗೌಡನ ಕಣ್ಣು ಜೌಗಿನ ಮೇಲೆ ಬಿತ್ತು. ನೀರು ಬಸಿದು ಗದ್ದೆ ಮಾಡಲು ಕಾಲುವೆ ತೋಡಿಸಿದನು. ತೋಡಿದ ಗೋಡೆಯಲ್ಲಿ, ಎದೆಯಾಳದಲ್ಲಿ, ಒಂದು ಜೊಂಡಿನ ಕಟ್ಟು ಕಂಡಿತು. ಜೊಂಡು ಎಂದರೆ ಚಾಪೆಯವಳ ಸೊತ್ತು ಎಂದು ಆಳುಗಳು ಮಗಳನ್ನು ಕೂಗಿದರು.

ಅವಳು ಇಳಿದು ನೋಡಿದಳು. ಕಟ್ಟು ನಿನ್ನೆ ಕೊಯ್ದಷ್ಟು ಹಳದಿಯಾಗಿತ್ತು. ಜೌಗಿನ ಕೆಸರು ಹಾಗೆಯೇ. ಗಾಳಿಯನ್ನೂ ಒಳಗೆ ಬಿಡದು, ಹುಳವನ್ನೂ ಬಿಡದು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುತ್ತದೆ, ಒಂದು ಮಾತು ಸೇರಿಸುವುದಿಲ್ಲ. ಕಟ್ಟಿಗೆ ಎರಡು ಸುತ್ತು ಹಾಕಿ ಎಡಕ್ಕೆ ಎಳೆದ ಗಂಟು. ಚಾಪೆಯವರಲ್ಲಿ ಹೆಂಗಸಿಗೊಂದು ಗಂಟು. ಅದು ಅವ್ವನ ಗಂಟು. ಕುಡುಗೋಲು ಇನ್ನೂ ಕಟ್ಟಿನೊಳಗೇ ಸಿಕ್ಕಿಕೊಂಡಿತ್ತು. ಓಡಿಹೋಗುವವಳು ಜೊಂಡು ಕೊಯ್ದು ಕಟ್ಟಿ ಕುಡುಗೋಲು ಸಿಕ್ಕಿಸಿ ಇಡುತ್ತಾಳೆಯೇ?

ಮಗಳು ಅಳಲಿಲ್ಲ. "ಹಿರಿಯರನ್ನು ಕರೆಯಿರಿ" ಎಂದಳು. ಊಟ ಮುಗಿಸಿ ಬರುತ್ತೇವೆ ಎಂದು ಅವರು ಹೇಳಿ ಕಳಿಸಿದರು.

ಅಷ್ಟರಲ್ಲಿ ಅವಳು ಚಾಪೆಯವಳು ಮಾಡುವುದನ್ನೇ ಮಾಡಿದಳು. ಕೆಸರು ಮೆತ್ತಿದ ಜೊಂಡನ್ನು ಚಾಪೆಯವಳು ನಾಲ್ಕು ಜನರ ಮುಂದೆ ತರುವುದಿಲ್ಲ, ತಂದರೆ ಮಾನ ಹೋದಂತೆ. ಕಟ್ಟನ್ನು ಎಳೆದು ಕಿತ್ತಳು. ಗಂಟು ಬಿಚ್ಚಿದಳು. ಹರಿಯುವ ನೀರಿನಲ್ಲಿ ಮೂರು ಸಲ ಜಾಲಿಸಿದಳು. ಎಳೆ ಎಳೆ ಬಿಡಿಸಿ ಬಂಡೆಯ ಮೇಲೆ ಬಿಸಿಲಿಗೆ ಹರವಿದಳು. ಅವ್ವ ಕಲಿಸಿದ ಕೆಲಸ. ಕೈ ತಾನಾಗಿ ಮಾಡಿತು.

ಹಿರಿಯರು ತೇಗುತ್ತ ಬಂದಾಗ ಹೊತ್ತು ಇಳಿದಿತ್ತು. ಜೊಂಡು ಕಪ್ಪಾಗಿ ಸುರುಟಿಕೊಂಡು, ಮುಟ್ಟಿದರೆ ಪುಡಿಯಾಗುತ್ತಿತ್ತು. ಕುಡುಗೋಲಿನ ಹಿಡಿ ಸೀಳಿಹೋಗಿತ್ತು.

"ಇದೇನೇ, ಒಲೆಯ ಬೂದಿ ತೋರಿಸಲು ಕರೆಸಿದೆಯಾ?"

"ನಮ್ಮವ್ವನ ಕಟ್ಟು. ಬೆಳಿಗ್ಗೆ ಹಳದಿಯಾಗಿತ್ತು ಸ್ವಾಮಿ. ಗಂಟು ಅವಳದೇ."

"ಕುಡುಗೋಲು ಮನೆಮನೆಯಲ್ಲೂ ಇದೆ. ಗಂಟು ಎಲ್ಲಿ?"

ಮಗಳು ತನ್ನ ಕೈ ನೋಡಿಕೊಂಡಳು. ಆಳುಗಳ ಮುಖ ನೋಡಿದಳು. ಗಂಟು ಗಿಂಟು ನಮಗೆ ತಿಳಿಯದು ಎಂದರು ಗೌಡನ ಆಳುಗಳು.

"ಹೋಗಲಿ, ಆ ಬಳೆಗಾರನನ್ನಾದರೂ ಕರೆತಾ. ನಾನು ಒಬ್ಬನೇ ಹೋದೆ ಎಂದು ಅವನು ಹೇಳಿದರೆ ಎರಡನೆಯ ಎಲೆ ಹಾಕಿಕೋ" ಎಂದು ಹಿರಿಯರು ಎದ್ದರು.

ಕೆರೆ ತೋಡುವ ಮುದುಕನೊಬ್ಬ ಹಿಂದೆ ಉಳಿದನು. ಕಾಲುವೆಯ ಗೋಡೆಯನ್ನು ಬೆರಳಿನಿಂದ ಸವರಿದನು. ಕೆಳಗೆ ಬರಗಾಲದ ವರ್ಷದ ಬಿರುಕು ಮಣ್ಣು. ಮೇಲೆ ಮರುವರ್ಷ ಕೆರೆಯ ಏರಿ ಒಡೆದಾಗ ನುಗ್ಗಿದ ಕೆಂಪು ಮರಳು. ಅವ್ವ ಹೋದದ್ದು ಅವೆರಡರ ನಡುವೆ. ಆದರೆ ಕಟ್ಟು ಕಿತ್ತ ಜಾಗದಲ್ಲಿ ಗೋಡೆ ಕುಸಿದು ಎಲ್ಲ ಕಲಸಿಹೋಗಿತ್ತು.

"ಇದ್ದಲ್ಲೇ ಬಿಟ್ಟಿದ್ದರೆ ಕಟ್ಟು ಯಾವ ವರ್ಷದ್ದು ಎಂದು ನಾನು ಓದಿ ಹೇಳುತ್ತಿದ್ದೆ ಮಗಳೇ. ಸಾಕ್ಷಿ ಹೇಳುವುದು ಕೆಸರು. ನೀನು ಅದನ್ನೇ ತೊಳೆದುಬಿಟ್ಟೆ."

ಕಟ್ಟಿನ ಕೆಳಗೆ ಇನ್ನೇನು ಇತ್ತೋ, ಯಾರು ಇದ್ದರೋ. ಬೇಸಿಗೆಯೊಳಗೆ ಕಾಲುವೆ ನೀರನ್ನೆಲ್ಲ ಬಸಿಯಿತು. ಜೌಗು ಒಣಗಿ ಬಾಯಿಬಿಟ್ಟಿತು. ಗಾಳಿ ಹೊಕ್ಕಿತು, ಇರುವೆ ಹೊಕ್ಕಿತು. ಗೌಡ ಅದರ ಮೇಲೆ ಉತ್ತು ಭತ್ತ ಬಿತ್ತಿದನು.

ಮಗಳು ಚಾಪೆ ಹೊತ್ತು ಸಂತೆ ಸಂತೆ ಅಲೆದು ಕಂಡ ಬಳೆಗಾರರನ್ನೆಲ್ಲ ಕೇಳಿದಳು. ಆ ಬಳೆಗಾರ ಸತ್ತಿರಲಿಲ್ಲ. ಸುದ್ದಿ ಅವನ ಕಿವಿಗೂ ಬಿತ್ತು. ಆ ಊರ ಕಡೆಯವಳೊಬ್ಬಳು ಬಂದು ನಾನು ಈಗ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಆದರೆ ಅಷ್ಟರಲ್ಲಿ ಅವನು ಮಲಾರ ಇಳಿಸಿ ದೊಡ್ಡವನಾಗಿದ್ದನು. ಜನ ಕಾಲಿಗೆ ಬೀಳುತ್ತಿದ್ದರು. ಒಬ್ಬ ಹೆಂಗಸಿನ ಹೆಸರಿನ ಪಕ್ಕ ತನ್ನ ಹೆಸರೇಕೆ ಎಂದು ಬಾಯಿ ಮುಚ್ಚಿಕೊಂಡನು. ಈ ವರ್ಷದವರೆಗೂ ಆ ಮನೆಯಲ್ಲಿ ಒಂದೇ ಎಲೆ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ನೀಚ ಗುರುಗಳೇ ಆ ಬಳೆಗಾರ! ಒಂದು ಮಾತಿಗೆ ಅವನ ಗಂಟೇನು ಹೋಗುತ್ತಿತ್ತು?"

ಗುರು ಚರಿತ್ರೆಯ ಹಾಳೆಗಳನ್ನು ಶಿಷ್ಯನ ಕಡೆ ಸರಿಸಿದನು.

"ಪಿತೃಪಕ್ಷಕ್ಕೆ ಇನ್ನು ಎಂಟು ದಿನ ಇದೆ, ತೊಳೆಯದೆ ಬರೆದು ಅವಳ ಊರಿಗೆ ಒಯ್ಯಿ, ಆ ಬಳೆಗಾರ ನಾನು."